ಒಂದು ಮಾರ್ಕು ಕಡಿಮೆ ಬಿದ್ದ ನಾನು ನರ್ಸ್ ಆಗಿದ್ದು

ಮೊದಲು ಮಾರ್ಕ್ಸ್ ಹೇಳಿಬಿಡುತ್ತೇನೆ, ಮುಚ್ಚಿಡೋದೇನಿದೆ. ದ್ವಿತೀಯ ಪಿಯುಸಿ ಸೈನ್ಸ್, ಫಿಸಿಕ್ಸ್ ಫೇಲ್. ಸಪ್ಲಿಮೆಂಟರಿಯಲ್ಲಿ ಸರಿಯಾಗಿ 35 ಬಂತು. ಕೆಮಿಸ್ಟ್ರಿ 38, ಬಯಾಲಜಿ 46. ಮೂರೂ ಸೇರಿ 300ಕ್ಕೆ 119. ಬಿಎಸ್ಸಿ ನರ್ಸಿಂಗ್‌ಗೆ ಈ ಮೂರರಲ್ಲಿ ಶೇ 45 ಬೇಕು, ಎಸ್‌ಸಿ, ಎಸ್‌ಟಿಯವರಿಗೆ 40. ನಾನು ಎಸ್‌ಟಿ, ಅಂದರೆ 120 ಬಂದಿದ್ದರೆ ಸಾಕಿತ್ತು. ಮರುಮೌಲ್ಯಮಾಪನಕ್ಕೆ ಹಾಕಿದೆ. ‘ಬದಲಾವಣೆ ಇಲ್ಲ’ ಅಂತ ಬಂತು. ಅವತ್ತು ಊಟ ಸೇರಲಿಲ್ಲ.

ಇಂಥ ಹೊತ್ತಿಗೇ ಏಜೆಂಟರು ಬರೋದು. ನಮ್ಮೂರಿಗೂ ಒಬ್ಬ ಬಂದ, ಬೆಂಗಳೂರಲ್ಲಿ ಸೀಟು ಕೊಡಿಸ್ತೀನಿ, ಒಂದು ಮಾರ್ಕೆಲ್ಲ ಅಡ್ಜಸ್ಟ್ ಆಗುತ್ತೆ ಅಂದ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಹತ್ತು ಸಾವಿರ ಅಡ್ವಾನ್ಸ್ ಕೊಟ್ಟರು. ಅದು ಇನ್ನೂ ವಾಪಸ್ ಬರಬೇಕು! ಒಂದು ಮಾರ್ಕು ಯಾರೂ ಅಡ್ಜಸ್ಟ್ ಮಾಡೋಕಾಗಲ್ಲ. ಕಾಲೇಜು ಸೇರಿಸಿಕೊಂಡರೂ ವಿಶ್ವವಿದ್ಯಾಲಯ ಅಡ್ಮಿಶನ್ ಒಪ್ಪದಿದ್ದರೆ ಪರೀಕ್ಷೆಗೆ ಕೂರೋ ಹಾಗಿಲ್ಲ.

ದಾರಿ ತೋರಿಸಿದ್ದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್. ‘ಬಿಎಸ್ಸಿ ಬಿಡೇ, ಜಿಎನ್‌ಎಂ ಮಾಡು, ನಾನೂ ಅದೇ ಮಾಡಿದ್ದು’ ಅಂದರು. ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಅನ್ನೋ ಮೂರು ವರ್ಷದ ಡಿಪ್ಲೊಮಾ ಅದು. ಪಿಯುಸಿ ಒಟ್ಟು ಶೇ 40, ಇಂಗ್ಲಿಷ್‌ನಲ್ಲಿ ಬೇರೆಯಾಗಿ 40 ಇದ್ದರೆ ಆಯಿತು, ಆರ್ಟ್ಸ್ ಓದಿದವರೂ ಹಾಕಬಹುದು. ನನ್ನದು ಒಟ್ಟು 600ಕ್ಕೆ 257, ಇಂಗ್ಲಿಷ್ 41. ಅಷ್ಟು ದಿನ ಫಿಸಿಕ್ಸ್ ನೋಡಿ ಅಳುತ್ತಿದ್ದೆನೇ ಹೊರತು ಆ 41ರ ಕಡೆ ಕಣ್ಣೇ ಹೋಗಿರಲಿಲ್ಲ ನೋಡಿ.

ಸರ್ಕಾರಿ ಸೀಟು ಮೆರಿಟ್ ಮೇಲೆ, ನನಗೆ ಸಿಗಲಿಲ್ಲ. ಖಾಸಗಿಯಲ್ಲಿ ಮೂರು ಕಡೆ ಹೋಗಿ ನೋಡಿದೆ. ಒಂದು ಕಡೆ ಅಂಗಡಿ ಕಾಂಪ್ಲೆಕ್ಸ್ ಮೇಲೆ ಎರಡು ಕ್ಲಾಸ್‌ರೂಮು, ಆಸ್ಪತ್ರೆ ಎಲ್ಲಿ ಅಂದರೆ ‘ಪೋಸ್ಟಿಂಗ್‌ಗೆ (ವಾರ್ಡ್ ತರಬೇತಿಗೆ) ಬಸ್ ಬರುತ್ತೆ’ ಅಂದರು. ವಾಪಸ್ ಬಂದೆ. ನೀವೂ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ನರ್ಸಿಂಗ್ ಕೌನ್ಸಿಲ್ ಮತ್ತು ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಆ ವರ್ಷದ ಅನುಮತಿ ಪತ್ರ ಕೇಳಿ. ತೋರಿಸೋಕೆ ಮೀನಮೇಷ ಎಣಿಸಿದರೆ ಎದ್ದು ಬನ್ನಿ. ಜಾತಿ, ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ, ಸ್ಕಾಲರ್‌ಶಿಪ್‌ಗೆ ಬೇಕೇ ಬೇಕು.

ಕೊನೆಗೆ ಒಂದು ಮಿಷನ್ ಆಸ್ಪತ್ರೆಯ ಸ್ಕೂಲಲ್ಲಿ ಇಂಟರ್‌ವ್ಯೂಗೆ ಕರೆದರು. ಪ್ರಿನ್ಸಿಪಾಲ್ ಮಾರ್ಕ್ಸ್ ಕಾರ್ಡ್ ನೋಡಿ ‘ಫಿಸಿಕ್ಸ್ ಏನಾಯ್ತಮ್ಮ?’ ಅಂದರು. ಓದಿದ್ದು ತಲೆಗೆ ಹತ್ತಲಿಲ್ಲ ಮೇಡಂ ಅಂದೆ. ನಕ್ಕರು. ನರ್ಸಿಂಗ್ ಯಾಕೆ ಅಂತ ಕೇಳಿದರು. ‘ಸೇವೆ ಮಾಡಬೇಕು ಮೇಡಂ’ ಅಂತ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಆ ಹೊತ್ತಿಗೆ ಮರೆತೇಹೋಯ್ತು. ಅಜ್ಜಿಗೆ ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು, ಎರಡು ತಿಂಗಳು ನಾನೇ ಡ್ರೆಸ್ಸಿಂಗ್ ಮಾಡಿದ್ದೆ, ಅದನ್ನೇ ಹೇಳಿದೆ. ಬಟ್ಟೆ ಹುಣ್ಣಿಗೆ ಒಣಗಿ ಅಂಟಿಕೊಂಡರೆ ಏನ್ ಮಾಡ್ತಿದ್ದೆ ಅಂದರು. ‘ಎಳೀಬಾರ್ದು ಮೇಡಂ. ಮೇಲೆ ಸಲೈನ್ ಹಾಕಿ ನೆನೆಯೋಕೆ ಬಿಡಬೇಕು, ಆಮೇಲೆ ಅಂಚಿಂದ ನಿಧಾನಕ್ಕೆ ಬಿಡಿಸಬೇಕು, ಇಲ್ಲಾಂದ್ರೆ ಹೊಸ ಚರ್ಮನೂ ಕಿತ್ತು ಬರುತ್ತೆ’ ಅಂದೆ. ಮಾರ್ಕ್ಸ್ ಕಾರ್ಡ್ ಮುಚ್ಚಿಟ್ಟು, ಹಾಸ್ಟೆಲ್ ಬೇಕಾ ಅಂತ ಕೇಳಿದರು.

ಸೇರಿದ ಮೇಲೆ ಸುಲಭ ಇತ್ತು ಅಂದುಕೊಳ್ಳಬೇಡಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಅನಾಟಮಿ ಕ್ಲಾಸಲ್ಲಿ ಮೊದಲ ತಿಂಗಳು ಮೂಳೆಗಳ ಹೆಸರೆಲ್ಲ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ: ಫೀಮರ್, ಟಿಬಿಯಾ, ಫಿಬ್ಯುಲಾ. ರಾತ್ರಿ ಕೂತು ಇಂಗ್ಲಿಷ್ ಸ್ಪೆಲಿಂಗ್ ಪಕ್ಕಕ್ಕೆ ಬರೆದು ಹತ್ತತ್ತು ಸಲ ತಿದ್ದುತ್ತಿದ್ದೆ. ವಾರ್ಡಲ್ಲಿ ಮಾತ್ರ ನಾನೇ ಮುಂದೆ, ಹಳ್ಳಿಯಿಂದ ಬಂದ ಅಜ್ಜಂದಿರು ನನ್ನ ಹತ್ತಿರಾನೇ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದರು.

ಜಿಎನ್‌ಎಂ ಮುಗಿಸಿ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ, ಕೆಲಸ ಮಾಡಿ ಸ್ವಲ್ಪ ದುಡ್ಡು ಕೂಡಿಟ್ಟು, ಜಿಎನ್‌ಎಂ ಆದವರು ಮಾಡೋ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್‌ಗೆ ಅರ್ಜಿ ಹಾಕಿದೆ. ಅದಕ್ಕೆ ಆ 120ರ ಲೆಕ್ಕ ಇಲ್ಲ, ಪಿಯುಸಿ ಪಾಸಾಗಿ ಜಿಎನ್‌ಎಂ ಮತ್ತು ನೋಂದಣಿ ಇರಬೇಕು ಅಷ್ಟೇ. ಕೌಂಟರ್‌ನಲ್ಲಿದ್ದವರು ನನ್ನ ಪಿಯುಸಿ ಜೆರಾಕ್ಸ್ ತಗೊಂಡರು, ಒರಿಜಿನಲ್ ಜೊತೆ ಹೆಸರು ತಾಳೆ ನೋಡಿದರು, ಸೀಲ್ ಹೊಡೆದರು. ಫಿಸಿಕ್ಸ್ 35ರ ಮೇಲೇ ಬಿತ್ತು ಸೀಲು.