ಒಳಗಿನ ಪ್ಯಾಡ್ ನೋಡದೆ ಬ್ರೇಕ್ ಬಿಲ್ಲಿಗೆ ಒಪ್ಪಬೇಡಿ

ಕಾರಿನ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ 15,000 ಕಿ.ಮೀ.ಗೇ ಮುಗಿದರೆ ಚಿಕ್ಕಮಗಳೂರಿನ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಎರಡೇ. ಒಂದು, "ಘಾಟಿಯಲ್ಲಿ ಓಡಿಸ್ತೀರಲ್ಲ ಸಾರ್, ಹಂಗೇ ಆಗೋದು." ಇನ್ನೊಂದು, "ಕ್ಯಾಲಿಪರ್ ಹೋಗಿದೆ, ಡಿಸ್ಕೂ ಹೋಗಿದೆ, ಪೂರ್ತಿ ಸೆಟ್ ಹಾಕಬೇಕು." (ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಕ್ಯಾಲಿಪರ್ ಅಂದರೆ ಪ್ಯಾಡುಗಳನ್ನು ಆ ತಟ್ಟೆಗೆ ಒತ್ತುವ ಭಾಗ.) ಉತ್ತರ ಎರಡೂ ನಿಜ ಇರಬಹುದು, ಎರಡೂ ಸುಳ್ಳಿರಬಹುದು. ಯಾವುದು ಅಂತ ಹಳೇ ಪ್ಯಾಡುಗಳೇ ಹೇಳುತ್ತವೆ. ಹಾಗಾಗಿ ಬೆಲೆ ಕೇಳುವ ಮೊದಲು ನಾನು, ಚಕ್ರಕ್ಕೆ ಒಳಗೊಂದು ಹೊರಗೊಂದು ಇರುವ ನಾಲ್ಕೂ ಪ್ಯಾಡ್ ಬಿಚ್ಚಿ ಸಾಲಾಗಿ ಇಟ್ಟು ನೋಡುತ್ತೇನೆ.

ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ತೋಟದ ಅಂಗಳವೇ ಗತಿ ಅಂದರೆ ಜಾಕಿನ ಅಡಿಗೆ ದಪ್ಪ ಹಲಗೆ ಇಡಿ, ಮಳೆಗಾಲದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಬರೀ ಜಾಕ್ ನಂಬಿ ಕೈ ಒಳಗೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಬಿಚ್ಚುವ ಮೊದಲು ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ. ಸಣ್ಣಗೆ ಉಜ್ಜುವ ಸದ್ದು ಸಹಜ. ಬ್ರೇಕ್ ಒತ್ತಿ ಬಿಟ್ಟ ಮೇಲೂ ಬಿಗಿಯಾಗಿಯೇ ಇದ್ದರೆ ಎಲ್ಲೋ ಹಿಡಿಯುತ್ತಿದೆ ಎಂದರ್ಥ.

ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿದರೆ ಹೆಚ್ಚಿನ ಕಾರುಗಳಲ್ಲಿ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ಬಿಚ್ಚಿದರೆ ತಂತಿಯಲ್ಲಿ ಕಟ್ಟಿ, ಬ್ರೇಕ್ ಆಯಿಲ್ ಬರುವ ಹೋಸ್ ಪೈಪಿಗೆ ನೇತುಬೀಳಲು ಬಿಡಬೇಡಿ. ಪ್ಯಾಡ್ ಹೊರತೆಗೆದ ಕೂಡಲೇ ಸೀಮೆಸುಣ್ಣದಲ್ಲಿ ಎಡ-ಒಳ, ಎಡ-ಹೊರ, ಬಲ-ಒಳ, ಬಲ-ಹೊರ ಅಂತ ಬರೆದಿಡಿ. ದಪ್ಪ ಅಳೆಯುವಾಗ ಹಿಂದಿನ ಕಬ್ಬಿಣದ ತಗಡು ಸೇರಿಸಬಾರದು. ಹೊಸದರಲ್ಲಿ ಉಜ್ಜುವ ಭಾಗ ಸುಮಾರು 10 ಮಿ.ಮೀ. ಇರುತ್ತದೆ, 3 ಮಿ.ಮೀ.ಗೆ ಬಂದರೆ ಬದಲಿಸುವುದು ಒಳ್ಳೆಯದು. ತಗಡು ಸೇರಿಸಿ ಅಳೆದು "ಇನ್ನೂ 7 ಇದೆ, ಓಡಿಸಿ" ಅನ್ನುವವರೂ ಇದ್ದಾರೆ. ಅವರ ಮಾತು ಕೇಳಿದರೆ ತಗಡು ಡಿಸ್ಕಿಗೆ ತಗಲುತ್ತದೆ.

ನಾಲ್ಕೂ ಹೆಚ್ಚುಕಮ್ಮಿ ಸಮನಾಗಿ ಸವೆದು, ಬ್ರೇಕ್ ಬಿಟ್ಟ ಮೇಲೆ ಚಕ್ರವೂ ಬಿಗಿ ಹಿಡಿಯದಿದ್ದರೆ ಗ್ಯಾರೇಜಿನವರು ಹೇಳಿದ ಘಾಟಿಯ ಮಾತು ಸರಿ. ಮುಳ್ಳಯ್ಯನಗಿರಿ, ಚಾರ್ಮಾಡಿ ಇಳಿಜಾರು ಎಡ-ಬಲ ಅಂತ ಭೇದ ಮಾಡುವುದಿಲ್ಲ. ಆಗ ಪ್ಯಾಡ್ ಮಾತ್ರ ಹಾಕಿಸಿ, ಕ್ಯಾಲಿಪರಿನ ತಂಟೆಗೆ ಹೋಗಬೇಡಿ. ಒಂದೇ ಚಕ್ರದಲ್ಲಿ ಒಳಗಿನದು 2 ಮಿ.ಮೀ., ಹೊರಗಿನದು 7 ಮಿ.ಮೀ. ಇದ್ದರೆ ಅದು ಚಾಲಕನ ತಪ್ಪಲ್ಲ. ಕ್ಯಾಲಿಪರ್ ಜಾರುವ ಪಿನ್ ಜಾಮ್ ಆಗಿರುತ್ತದೆ, ಇಲ್ಲವೇ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದೆ ಸರಿಯುತ್ತಿರುವುದಿಲ್ಲ. ಪ್ಯಾಡ್ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಇದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದಿದೆಯೇ ನೋಡಿ, ಪ್ಯಾಡಿನ ಕಿವಿ (ಎರಡು ತುದಿಯ ಚಾಚು) ಕೂರುವ ಜಾಗದ ತುಕ್ಕನ್ನೂ ನೋಡಿ.

ನಮ್ಮ ಕಡೆ ಹೆಚ್ಚು ಸಿಗುವುದು ಈ ಪಿನ್ ತೊಂದರೆಯೇ. ಪಿನ್ನಿನ ರಬ್ಬರ್ ಬೂಟ್ ಸೀಳಿದರೆ ಕೆಂಪು ಮಣ್ಣು, ಮಳೆನೀರು ಒಳಗೆ ಹೋಗಿ ಗ್ರೀಸ್ ಗಟ್ಟಿಯಾಗುತ್ತದೆ. ಬೆರಳಲ್ಲಿ ಎಳೆದರೆ ಪಿನ್ ನುಣ್ಣಗೆ ಜಾರಬೇಕು. ಜಾರದಿದ್ದರೆ ತೆಗೆದು ಒರೆಸಿ, ತೂತನ್ನೂ ಸ್ವಚ್ಛ ಮಾಡಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಚಾಸಿ ಗ್ರೀಸ್ ಹಾಕಲೇಬೇಡಿ. ಪೆಟ್ರೋಲಿಯಂ ಗ್ರೀಸಿಗೆ ರಬ್ಬರ್ ಉಬ್ಬಿ ಮತ್ತೆ ಅದೇ ಪಿನ್ ಹಿಡಿದುಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಮೇಲಿನ ಪಿನ್, ಕೆಳಗಿನ ಪಿನ್ ಬೇರೆ ಬೇರೆ, ಅದಲುಬದಲು ಆಗಬಾರದು. ಇಷ್ಟಕ್ಕೆಲ್ಲ ಪೂರ್ತಿ ಕ್ಯಾಲಿಪರ್ ಹಾಕಿಸುವುದು ದಂಡ. ಪಿಸ್ಟನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಮಾತ್ರ ಅದು ಬೇರೆ ವಿಷಯ.

ಒಂದೇ ಚಕ್ರದ ಎರಡೂ ಪ್ಯಾಡ್ ತೆಳುವಾಗಿದ್ದರೆ ಹೋಸ್ ಪೈಪಿನ ಮೇಲೆ ಅನುಮಾನ ಪಡಬೇಕು. ಹಳೇ ಹೋಸಿನ ಒಳಪದರ ಉಬ್ಬಿದಾಗ ಕಾಲಿನ ಒತ್ತಡಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ವಾಪಸ್ ಬರುವುದಿಲ್ಲ. ಡಿಸ್ಕ್ ಕ್ಯಾಲಿಪರಿನಲ್ಲಿ ಪಿಸ್ಟನ್ ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇಲ್ಲ, ಒಳಗಿನ ರಬ್ಬರ್ ಸೀಲ್ ತಿರುಚಿಕೊಂಡದ್ದು ನೆಟ್ಟಗಾಗುವಾಗ ಸರಿಯುವಷ್ಟೇ. ಪರೀಕ್ಷೆ ಸುಲಭ. ಬ್ರೇಕ್ ಒತ್ತಿ ಬಿಟ್ಟು, ಚಕ್ರ ಬಿಗಿ ಇರುವಾಗಲೇ ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಬಿಡದಿದ್ದರೆ ಪಿನ್ ಅಥವಾ ಪಿಸ್ಟನ್ ಕಡೆ ವಾಪಸ್ ಬನ್ನಿ. ಎಡ ಬಲ ಎರಡೂ ಹಿಡಿಯುತ್ತಿದ್ದರೆ ಹೋಸ್ ಬಿಟ್ಟು ಪೆಡಲ್ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಸಡಿಲ), ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡಬೇಕು. ನಿಪ್ಪಲ್ ತೆರೆದ ಮೇಲೆ ಗಾಳಿ ತೆಗೆದು ಆಯಿಲ್ ಮಟ್ಟ ಸರಿಮಾಡದೆ ಗಾಡಿ ರಸ್ತೆಗೆ ಇಳಿಸಬಾರದು.

ಇನ್ನು ಡಿಸ್ಕ್. ಕನಿಷ್ಠ ದಪ್ಪ ಎಷ್ಟು ಅನ್ನುವುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅಂಚಿನಲ್ಲಿ ಸವೆಯದ ಏಣು ನಿಂತಿರುವುದರಿಂದ ದಪ್ಪ ಅಳೆಯುವ ವರ್ನಿಯರ್ ಹಾಗೇ ಹಿಡಿದರೆ ದಪ್ಪ ಜಾಸ್ತಿ ತೋರಿಸುತ್ತದೆ. ಎರಡು ಕಡೆ ಒಂದೊಂದು ರೂಪಾಯಿ ನಾಣ್ಯ ಒತ್ತಿ ಹಿಡಿದು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ಗ್ಯಾರೇಜಿನಲ್ಲಿ "ಡಿಸ್ಕ್ ಹೋಗಿದೆ" ಅಂದರೆ ಎಷ್ಟು ಮಿ.ಮೀ. ಇದೆ, ಎಷ್ಟಿರಬೇಕು ಅಂತ ಎರಡೇ ಪ್ರಶ್ನೆ ಕೇಳಿ. ಸಂಖ್ಯೆ ಹೇಳದವರ ಮಾತಿಗೆ ದುಡ್ಡು ಬಿಚ್ಚಬೇಡಿ. ಮಳೆಗಾಲದಲ್ಲಿ ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಕರಕರ ಅಂದು ನಾಲ್ಕು ಬ್ರೇಕಿಗೆ ಸರಿಹೋದರೆ ಅದು ಮೇಲ್ಮೈ ತುಕ್ಕು, ರೋಗವಲ್ಲ. ಹಾಗೇ ಒಂದೇ ಕಡೆ ಸವೆದಿದ್ದರೂ ಎಡ-ಬಲ ಎರಡಕ್ಕೂ ಪ್ಯಾಡ್ ಹಾಕಬೇಕು ಅಂದರೆ ಅದು ಮೋಸವಲ್ಲ. ಇಲ್ಲದಿದ್ದರೆ ಬ್ರೇಕ್ ಹೊಡೆದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಒಳಗೆ ಒತ್ತುವಾಗ ಆಯಿಲ್ ಡಬ್ಬಿ ಉಕ್ಕುತ್ತದೆ, ಬಣ್ಣಕ್ಕೆ ಬಿದ್ದರೆ ಬಣ್ಣ ಹೋಗುತ್ತದೆ, ಬಟ್ಟೆ ಸುತ್ತಿಡಿ. ಗಾಡಿ ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಇದು ಮರೆತರೆ ಮೊದಲ ಬ್ರೇಕ್ ಇರುವುದೇ ಇಲ್ಲ. ಆಮೇಲೆ ಕಡೂರು ರಸ್ತೆಯಂಥ ನೇರ ದಾರಿಯಲ್ಲಿ, ಹಿಂದೆ ಗಾಡಿ ಇಲ್ಲದಾಗ, 60ರಿಂದ 15 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಅದಕ್ಕೂ ಮೊದಲೇ ಘಾಟಿ ಇಳಿಯಬೇಡಿ.

ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುವಾಗ ಎರಡನೇ ಗೇರ್ ಸಾಕು, ಇಂಜಿನ್ ಸದ್ದಿಗೆ ಹೆದರುವುದು ಬೇಡ. ಸಣ್ಣಗೆ ಒತ್ತಿಕೊಂಡೇ ಇಳಿಯುವುದಕ್ಕಿಂತ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡುವುದು ಒಳ್ಳೆಯದು, ಆ ನಡುವೆ ಡಿಸ್ಕಿಗೆ ಗಾಳಿಯಾಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ, ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ. ಬ್ರೇಕ್ ಆಯಿಲ್ ನೀರು ಹೀರುವ ಗುಣದ್ದು. ಡಾಟ್ 4 ದರ್ಜೆಯ ಆಯಿಲ್ ಹೊಸದಿರುವಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಸೇರಿದ್ದು 155ಕ್ಕೇ ಕುದಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಿ.

ರಿಪೇರಿ ಆಗಿ 2,000 ಕಿ.ಮೀ. ಕಳೆದ ಮೇಲೆ ಎರಡೂ ಮುಂದಿನ ಚಕ್ರ ಬಿಚ್ಚಿ ಒಳಗಿನ ಪ್ಯಾಡ್ ಮತ್ತೆ ಅಳೆಯಿರಿ. ಎಡ-ಬಲದ ನಡುವೆ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಿಪ್ಪಲ್ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.