ಡಯಾಲಿಸಿಸ್ ಶಿಫ್ಟಿನ ಲೆಕ್ಕಕ್ಕೆ ಬಸ್ ಟೈಮ್ ಹಿಡಿದು ಕೂತಿದ್ದು

ಚಿತ್ರದುರ್ಗ ಜಿಲ್ಲೆಯ ಡಯಾಲಿಸಿಸ್ ಘಟಕಗಳಿಗೆ ಮುಂದಿನ ಕೆಲವು ವರ್ಷಕ್ಕೆ ಏನೇನು ಬೇಕು ಅಂತ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೊದಲಿಂದಲೂ ಡಯಾಲಿಸಿಸ್ ಟೆಕ್ನಿಷಿಯನ್. ಕಿಡ್ನಿ ಕೆಟ್ಟವರ ರಕ್ತವನ್ನು ಮಿಷಿನ್ನಿನಲ್ಲಿ ಸೋಸಿ, ಮೈಯಲ್ಲಿ ತುಂಬಿದ ನೀರನ್ನು ಇಳಿಸುವ ಕೆಲಸ. ಮೀಟಿಂಗಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಮಿಷಿನ್ ಬೇಕು, ಅಷ್ಟು ಹೇಳ್ರಿ."

ಕಾಗದದ ಮೇಲೆ ಇದು ಸುಲಭ. ಒಬ್ಬರಿಗೆ ನಾಲ್ಕು ಗಂಟೆ. ಆಮೇಲೆ ಮಿಷಿನ್ ತೊಳೆದು, ಸೋಂಕು ತೆಗೆದು, ಹೊಸ ಟ್ಯೂಬ್ ಹಾಕಿ ಮುಂದಿನವರನ್ನು ಮಲಗಿಸೋಕೆ ಹತ್ತಿರ ಹತ್ತಿರ ಒಂದು ಗಂಟೆ. ದಿನಕ್ಕೆ ಮೂರು ಶಿಫ್ಟ್, ವಾರಕ್ಕೆ ಆರು ದಿನ ಅಂದರೆ ಒಂದು ಮಿಷಿನಿಗೆ 18 ಸ್ಲಾಟ್, ಅಂದರೆ 18 ಸಲದ ಡಯಾಲಿಸಿಸ್. ವಾರಕ್ಕೆ ಮೂರು ಸಲ ಬರುವವರಾದರೆ 6 ಜನ, ಎರಡೇ ಸಲ ಬರುವವರಾದರೆ 9 ಜನ. ಈ 18 ತುಂಬಿದ್ದನ್ನು ನಾನು ಎಲ್ಲೂ ನೋಡಿಲ್ಲ.

ಯಾಕೆ ತುಂಬಲ್ಲ ಅನ್ನೋದು ಗೊತ್ತಾಗಬೇಕಾದರೆ ಮಿಷಿನ್ ಪಕ್ಕ ನಿಂತಿರಬೇಕು. ಸಂಜೆ ನಾಲ್ಕಕ್ಕೆ ಶುರುವಾದ ಶಿಫ್ಟ್ ಎಂಟಕ್ಕೆ ಮುಗಿಯುತ್ತೆ. ಸೂಜಿ ತೆಗೆದ ಜಾಗವನ್ನು ರಕ್ತ ನಿಲ್ಲುವ ತನಕ ಒತ್ತಿ ಹಿಡಿಯಬೇಕು. ಬಿಪಿ ನೋಡಬೇಕು, ತೂಕ ಹಾಕಬೇಕು. ಎಂಟೂವರೆ ಆಗೇ ಆಗುತ್ತೆ. ಚಳ್ಳಕೆರೆ ಆಚೆಯ ಹಳ್ಳಿಯ ಅಜ್ಜ ಒಬ್ಬರು ಆರೂವರೆ ಆಗುತ್ತಿದ್ದ ಹಾಗೇ ಗೋಡೆ ಗಡಿಯಾರ ನೋಡೋಕೆ ಶುರು ಮಾಡುತ್ತಿದ್ದರು. "ಸಾರ್, ಇವತ್ತು ಒಂದು ತಾಸು ಮುಂಚೆ ಬಿಡ್ರಿ. ಕೊನೇ ಬಸ್ ಹೋದ್ರೆ ಬಸ್‌ಸ್ಟ್ಯಾಂಡಲ್ಲೇ ಮಲಗ್ಬೇಕು." "ಅಜ್ಜಾರೆ, ನೀರು ಇನ್ನೂ ಇಳಿದಿಲ್ಲ. ಈಗ ಬಿಟ್ರೆ ನಾಡಿದ್ದು ಏದುಸಿರು ಬಿಡ್ತಾ ಬರ್ತೀರಿ" ಅಂದರೆ, "ನಾಡಿದ್ದು ನಾಡಿದ್ದಿಗಾಯ್ತು ಬಿಡ್ರಿ" ಅನ್ನುತ್ತಿದ್ದರು. ರಿಜಿಸ್ಟರಿನಲ್ಲಿ ಅದು ಒಂದು ಪೂರ್ತಿ ಡಯಾಲಿಸಿಸ್. ನಿಜಕ್ಕೂ ಆಗಿದ್ದು ಮುಕ್ಕಾಲು.

ಅದಕ್ಕೇ ಕೇಸ್ ಶೀಟಿನ ಜೊತೆ ಇನ್ನೊಂದು ಹಾಳೆ ಮಾಡಿದೆ. ಯಾವ ಊರು, ಹೇಗೆ ಬರುತ್ತಾರೆ, ಬೆಳಗಿನ ಮೊದಲ ಬಸ್ ಯಾವಾಗ, ಸಂಜೆ ಕೊನೆಯದು ಯಾವಾಗ, ಜೊತೆಗೆ ಯಾರು ಬರುತ್ತಾರೆ. ನರ್ಸ್ ಸಿಸ್ಟರ್‌ಗಳು ಮೊದಲು ನಕ್ಕರು. ಆಮೇಲೆ ಅವರೇ ಕೇಳಿ ಕೇಳಿ ತುಂಬಿಸಿದರು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಜೊತೆಗೆ ಬರುವ ಹೆಂಡತಿಗೋ ಮಗಳಿಗೋ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಡಯಾಲಿಸಿಸ್‌ಗೆ ಮಲಗುವ ಗಂಡಸಿಗೆ ಇದೆ. ಹಳ್ಳಿಗೆ ಬರೋದು ಖಾಸಗಿ ಬಸ್ ಒಂದೇ ಆದರೆ ಇಬ್ಬರಿಗೂ ಇದೆ.

ಹಾಳೆಗಳನ್ನು ಹರಡಿಕೊಂಡು ಕೂತಾಗ ವಿಷಯ ಕಣ್ಣಿಗೆ ಹೊಡೆಯಿತು. ಬೆಳಿಗ್ಗೆ ಆರರ ಶಿಫ್ಟಿಗೆ ಹಳ್ಳಿಯವರು ಬಂದು ಮುಟ್ಟೋಕಾಗಲ್ಲ. ಸಂಜೆಯದರಿಂದ ವಾಪಸ್ ಹೋಗೋಕಾಗಲ್ಲ. ಉಳಿದಿದ್ದು ನಡುವಿನ ಶಿಫ್ಟ್ ಒಂದೇ, ನೂಕುನುಗ್ಗಲು ಇರುವುದೂ ಅಲ್ಲೇ. ಜಿಲ್ಲಾ ಕೇಂದ್ರದಲ್ಲಿ ಇನ್ನೊಂದು ಮಿಷಿನ್ ಇಟ್ಟರೆ ಹಳ್ಳಿಯವರಿಗೆ ಸಿಗೋದು 18 ಸ್ಲಾಟ್ ಅಲ್ಲ, ಹೆಚ್ಚೆಂದರೆ 6. ಅದೇ ಮಿಷಿನ್ ಹೊಸದುರ್ಗದಲ್ಲೋ ಹಿರಿಯೂರಿನಲ್ಲೋ ಇದ್ದರೆ ಸುತ್ತಲಿನವರಿಗೆ ಎರಡು ಶಿಫ್ಟಾದರೂ ದಕ್ಕುತ್ತೆ. ಪಟ್ಟಣದೊಳಗಿನವರನ್ನು ಒಪ್ಪಿಸಿ ಬೆಳಿಗ್ಗೆಗೂ ಸಂಜೆಗೂ ಸರಿಸಿದೆವು. ಸ್ವಲ್ಪ ಗೊಣಗಿದರು, ಪಾಪ, ಅವರದ್ದೂ ನಿದ್ದೆ ಅಲ್ವಾ.

ಭರಮಸಾಗರದ ಕಡೆಯವರಲ್ಲಿ ಸುಮಾರು ಜನ ದಾವಣಗೆರೆಗೇ ಹೋಗುತ್ತಾರೆ. ಹೈವೇ ಬಸ್ ಜಾಸ್ತಿ, ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ಅಲ್ಲಿವೆ. ಜಿಲ್ಲೆಯ ಗಡಿ ನಮ್ಮ ಫೈಲಿಗೆ, ಕಿಡ್ನಿಗಲ್ಲ. ಅವರನ್ನು ನಮ್ಮ ಬೇಡಿಕೆಯಲ್ಲಿ ಸೇರಿಸಿ ಸುಮ್ನೆ ಅಂಕಿ ಉಬ್ಬಿಸೋದು ಬೇಡ ಅಂತ ಬಿಟ್ಟೆ.

ಇನ್ನು ನೀರು. ಒಬ್ಬರ ನಾಲ್ಕು ಗಂಟೆಗೆ ಆರ್‌ಓ (ಪೊರೆಯಲ್ಲಿ ಸೋಸಿ ಶುದ್ಧ ಮಾಡಿದ) ನೀರು ಸುಮಾರು 120 ಲೀಟರ್, ನಿಮಿಷಕ್ಕೆ ಅರ್ಧ ಲೀಟರ್ ಲೆಕ್ಕ. ಐದು ಮಿಷಿನ್, ಮೂರು ಶಿಫ್ಟ್ ಅಂದರೆ 1,800 ಲೀಟರ್. ಮಿಷಿನ್ ತೊಳೆಯೋಕೆ ಬೇರೆ. ಆರ್‌ಓ ಅರ್ಧ ನೀರನ್ನು ಹೊರಗೆ ಬಿಟ್ಟರೂ ಟ್ಯಾಂಕಿಗೆ ದಿನಕ್ಕೆ ನಾಲ್ಕು ಸಾವಿರ ಲೀಟರ್ ಬೀಳಲೇಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಎಷ್ಟೋ ಊರಲ್ಲಿ ಫ್ಲೋರೈಡೂ ಇದೆ. ಏಪ್ರಿಲ್ ಹೊತ್ತಿಗೆ ನೀರು ಪಾತಾಳಕ್ಕೆ ಇಳಿದಾಗ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣ, ಏರುತ್ತೆ, ಸೋಸುವ ಪೊರೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತೆ, ಒಳ್ಳೆ ನೀರು ಬರೋದು ಕಮ್ಮಿ ಆಗುತ್ತೆ. ಟ್ಯಾಂಕರ್ ನೀರು ತರಿಸಿದರೆ ಕ್ಲೋರಿನ್ ಭಯ. ಕಾರ್ಬನ್ ಫಿಲ್ಟರ್ ದಾಟಿ ಕ್ಲೋರಿನ್ ಒಳಗೆ ಬಂದರೆ ಕೆಂಪು ರಕ್ತಕಣ ಒಡೆಯುತ್ತವೆ. ಅದಕ್ಕೇ ಶಿಫ್ಟ್ ಶುರುವಾಗುವ ಮುಂಚೆ ಕ್ಲೋರಿನ್ ಟೆಸ್ಟ್ ಮಾಡದೆ ಯಾರನ್ನೂ ಮಲಗಿಸಬಾರದು ಅಂತ ಪಟ್ಟು ಹಿಡಿದೆ. ಹೊರಗೆ ಹೋಗುವ ನೀರನ್ನು ಬೇರೆ ಸಿಂಟೆಕ್ಸಿಗೆ ತಿರುಗಿಸಿ ಟಾಯ್ಲೆಟ್‌ಗೆ, ನೆಲ ಒರೆಸೋಕೆ ಬಳಸಿದೆವು.

ಹೆಪಟೈಟಿಸ್ ಬಿ ರಕ್ತದಿಂದ ಹರಡುವ ಸೋಂಕು, ಅದು ಇದ್ದವರಿಗೆ ಬೇರೆ ಮಿಷಿನ್ ಬೇಕೇ ಬೇಕು. ಪ್ರತಿ ತಾಲ್ಲೂಕಿನಲ್ಲೂ ಒಬ್ಬಿಬ್ಬರಿಗೆ ಅಂತ ಒಂದೊಂದು ಮಿಷಿನ್ ಕಟ್ಟಿಹಾಕಿದರೆ ಉಳಿದವರ ಸ್ಲಾಟ್ ಹೋಯಿತು. ಅವರನ್ನೆಲ್ಲ ಒಂದು ಕಡೆ ಸೇರಿಸಿದೆವು. ಅವರಿಗೆ ದೂರ ಆಯಿತು ನಿಜ. ಅದರ ಬದಲಿಗೆ ನಡುವಿನ ಶಿಫ್ಟನ್ನು ಅವರಿಗೇ ಮೊದಲು ಕೊಟ್ಟೆವು.

ಮುಂದೆ ಎಷ್ಟು ಬೇಕು ಅನ್ನೋ ಲೆಕ್ಕದಲ್ಲಿ ಒಂದು ಕಹಿ ಇದೆ. ತಿಂಗಳಿಗೆ ಇಬ್ಬರು ಹೊಸಬರು ಬಂದು, ಒಬ್ಬೊಬ್ಬರು ಸರಾಸರಿ ಎರಡು ವರ್ಷ ಇದ್ದರೆ, ರೋಗಿಗಳ ಪಟ್ಟಿ 48ಕ್ಕೆ ನಿಲ್ಲುತ್ತೆ. ಸೂಜಿ ಹಾಕೋಕೆ ಕೈಯ ರಕ್ತನಾಳ ಜೋಡಿಸುವ ಫಿಸ್ಟುಲಾ ಸರಿಯಾಗಿ ಮಾಡಿಸಿ, ರಕ್ತ ಹೆಚ್ಚಿಸುವ ಇಪಿಓ ಇಂಜೆಕ್ಷನ್ ತಪ್ಪದೆ ಕೊಟ್ಟು, ಅದು ಮೂರು ವರ್ಷಕ್ಕೆ ಏರಿದರೆ 72. ಹೊಸಬರು ಒಬ್ಬರೂ ಜಾಸ್ತಿ ಆಗಿಲ್ಲ, ನಾವು ಚೆನ್ನಾಗಿ ನೋಡಿಕೊಂಡೆವು ಅಷ್ಟೇ. "ಹೋದ ಸಲದಷ್ಟೇ ಹಾಕ್ರಿ" ಅನ್ನುವವರಿಗೆ ಈ ಎರಡು ಅಂಕಿ ತೋರಿಸಿದೆ. ಟೆಕ್ನಿಷಿಯನ್ ವಿಚಾರದಲ್ಲಿ ನನ್ನ ನಿಲುವು ಒಬ್ಬರಿಗೆ ಮೂರು ಮಿಷಿನ್. ನಾಲ್ಕು ಕೊಟ್ಟರೆ ಇಬ್ಬರಿಗೆ ಒಟ್ಟಿಗೆ ಬಿಪಿ ಇಳಿದಾಗ ಯಾರ ಕಡೆ ಓಡಬೇಕು?

ಏದುಸಿರು ಬಿಡ್ತಾ ದಿಢೀರ್ ಬರುವವರಿಗೆ ಅಂತ ಪ್ರತಿ ಶಿಫ್ಟಿಗೂ ಒಂದು ಬೆಡ್ ಖಾಲಿ ಇಟ್ಟುಕೊಳ್ಳಿ ಅನ್ನುತ್ತೇನೆ. ಅದಾಗದಿದ್ದರೆ ಸೋಮವಾರ, ಮಂಗಳವಾರವಾದರೂ ಇಡಿ. ಭಾನುವಾರ ರಜೆ ಆದ್ದರಿಂದ ಆ ಎರಡು ದಿನ ಬರುವವರ ಮೈಯಲ್ಲಿ ಜಾಸ್ತಿ ನೀರು ತುಂಬಿರುತ್ತೆ. ನಾಯಕನಹಟ್ಟಿ ತೇರಿನ ವಾರದಲ್ಲಂತೂ ಆ ಭಾಗದ ಬಸ್ಸೆಲ್ಲ ಜಾತ್ರೆಗೆ ಹೋಗಿರುತ್ತವೆ. ಆ ಕಡೆಯ ರೋಗಿಗಳನ್ನು ಒಂದು ದಿನ ಮುಂಚೆಯೇ ಕರೆಸಿಕೊಳ್ಳಬೇಕು.

ಮೊಳಕಾಲ್ಮೂರಿನ ದೂರದ ಹಳ್ಳಿಗಳ ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ. ಮಗ್ಗದ ಕೆಲಸದವರು ವಾರಕ್ಕೆ ಮೂರು ದಿನ ಬಿಟ್ಟು ಬಂದರೆ ಸೀರೆ ಮುಗಿಯುವುದು ಯಾವಾಗ? ಹೊಟ್ಟೆಗೆ ಕ್ಯಾತಿಟರ್ ಕೊಳವೆ ಹಾಕಿ ಮನೆಯಲ್ಲೇ ಎರಡೆರಡು ಲೀಟರ್ ಡಯಾಲಿಸಿಸ್ ದ್ರವದ ಚೀಲ ಬದಲಿಸುವ ಸಿಎಪಿಡಿ ಅಂಥವರಿಗೆ ಹೊಂದುತ್ತೆ. ದಿನಕ್ಕೆ ನಾಲ್ಕು ಸಲ, ಕೈ ಶುಚಿ ಇರಬೇಕು, ಚೀಲಗಳನ್ನು ಇಡೋಕೆ ಜಾಗ ಬೇಕು. ಚೀಲ ತಿಂಗಳು ತಿಂಗಳು ತಪ್ಪದೆ ಮನೆಗೆ ಮುಟ್ಟುವ ವ್ಯವಸ್ಥೆ ಆದ ಮೇಲೇ ಶುರು ಮಾಡೋಣ ಅಂತ ಪಟ್ಟಿಯ ಕೊನೆಯಲ್ಲಿ ಬರೆದು ಕಳಿಸಿದ್ದೇನೆ.