ಆಟ ನೋಡಿದ ಕಿವಿಗೆ ಸಂಗೀತ ಕಚೇರಿ ದೂರವಲ್ಲ

ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ದಿನವಿಡೀ ಕರ್ನಾಟಕ ಸಂಗೀತ ಹಾಕಿರುತ್ತೇನೆ. "ಇದೆಲ್ಲ ನಮಗೆ ತಲೆಗೆ ಹೋಗುವುದಿಲ್ಲ" ಎನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಆಟ, ಅಂದರೆ ಯಕ್ಷಗಾನ, ನೋಡ್ತೀರಾ? ಉಡುಪಿಯಲ್ಲಿ ಇಲ್ಲ ಎನ್ನುವವರು ಕಡಿಮೆ. ಆಟದಲ್ಲಿ ಹಾಡುವ ಭಾಗವತರು ಮೋಹನ ರಾಗ ಎತ್ತಿಕೊಂಡಾಗ ನಿಮಗೆ ರೋಮಾಂಚನ ಆಗುತ್ತದೆಂದಾದರೆ ಕಿವಿ ತಯಾರುಂಟು ಮಾರಾಯ್ರೆ, ಕೂತು ಕೇಳುವ ಅಭ್ಯಾಸ ಬೇಕಷ್ಟೆ.

ರಾಗಗಳ ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ. ಮೂಲ ರಾಗಗಳಾದ 72 ಮೇಳಕರ್ತಗಳು ಎಲ್ಲಿಗೂ ಓಡುವುದಿಲ್ಲ. ಗೊತ್ತಿರುವ ಒಂದು ದೇವರನಾಮ ಹಿಡಿಯಿರಿ. ಪುರಂದರದಾಸರ 'ಜಗದೋದ್ಧಾರನ' ಆದೀತು, ಅದನ್ನು ಸಾಮಾನ್ಯವಾಗಿ ಹಾಡುವುದು ಕಾಪಿ ರಾಗದಲ್ಲಿ. ಮೊದಲು ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದು ಕೇಳಿ, ಆಮೇಲೆ ಬೇರೆಯವರದ್ದು, ಆಮೇಲೆ ಕೊಳಲಿನಲ್ಲಿ. ಕೊನೆಗೆ ಬರೀ ಕಾಪಿಯ ಆಲಾಪನೆ, ಅಂದರೆ ಸಾಹಿತ್ಯವೂ ತಾಳವೂ ಇಲ್ಲದೆ ರಾಗವನ್ನಷ್ಟೇ ಬಿಡಿಸುವುದು. ಹಾಡು ಶುರುವಾಗುವ ಮೊದಲೇ ಅದು ನೆನಪಾಯಿತೋ, ರಾಗ ಹಿಡಿಯಿತು ಎಂದು ತಿಳಿಯಿರಿ.

ಕಂಠಸಂಗೀತ ಹಿಡಿಸದಿದ್ದರೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಉಂಟಲ್ಲ! ಬಂಟ್ವಾಳದ ಸಜೀಪದ ನಮ್ಮವರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದವರು.

ಆದಿತಾಳ ತೊಡೆಯ ಮೇಲೆ ಕಲಿಯುವಂಥದ್ದು. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು, ಬೀಸು, ಪೆಟ್ಟು, ಬೀಸು. ಎಂಟಾಯಿತು. ಹಾಡು ಮೊದಲ ಪೆಟ್ಟಿನ ಮೇಲೆಯೇ ಏಳಬೇಕೆಂದಿಲ್ಲ, ಹಾಗಾಗಿ ತಪ್ಪಿತೆಂದು ಗಾಬರಿಯಾಗಬೇಡಿ. ಪಕ್ಕದವರ ಕೈ ನೋಡಿ ಸೇರಿಕೊಳ್ಳಿ.

ಇನ್ನು ಕಚೇರಿ. ಕೃಷ್ಣ ಮಠದ ರಾಜಾಂಗಣಕ್ಕೆ ಟಿಕೆಟ್ ಇಲ್ಲ, ಸ್ವಲ್ಪ ಬೇಗ ಹೋಗಿ ಮುಂದೆ ಕೂತುಕೊಳ್ಳಿ. ಮೃದಂಗದವರು ಎಡಬದಿಯ ಚರ್ಮದ ಮುಚ್ಚಿಗೆಗೆ ನೀರಲ್ಲಿ ನಾದಿದ ರವೆ ಅಂಟಿಸುವುದು ಕಾಣುತ್ತದೆ. ಬೆರಳಲ್ಲಿ ಒತ್ತಿ, ತಟ್ಟಿ ನೋಡಿ, ಮತ್ತೆ ಚಿಟಿಕೆಯಷ್ಟು ಸೇರಿಸುತ್ತಾರೆ. ಎಡದ ಆ ದಪ್ಪ ನಾದ ಬರುವುದು ಅದರಿಂದ. ಕಚೇರಿ ಮುಗಿದ ಮೇಲೆ ಅದನ್ನು ಕೆರೆದು ತೆಗೆಯುತ್ತಾರೆ.

ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ಅರ್ಧ ಸಭೆ ಎದ್ದು ಹೋಗುವುದುಂಟು. ನನಗೆ ಅದು ಕಂಡರಾಗದು. ಚೆಂಡೆ-ಮದ್ದಳೆ ಕೇಳಿ ಬೆಳೆದವರು ಏಳಬಾರದ ಹೊತ್ತು ಅದೇ! ಮೃದಂಗ, ಘಟ ಒಂದರ ನಂತರ ಒಂದು ನುಡಿಸುತ್ತಾ ಸರದಿ ಚಿಕ್ಕದಾಗುತ್ತಾ ಬಂದು, ಕೊನೆಗೆ ಇಬ್ಬರೂ ಸೇರಿ ಒಂದೇ ಮುಕ್ತಾಯವನ್ನು ಮೂರು ಸಲ ನುಡಿಸುತ್ತಾರೆ. ಮೂರನೆಯದು ಮುಗಿಯುವಲ್ಲಿ ಗಾಯಕರು ಪಲ್ಲವಿ ಎತ್ತಿಕೊಳ್ಳುವುದನ್ನು ತಾಳ ಹಾಕುತ್ತಲೇ ಕೇಳಿ. ಕಾಫಿ ಕುಡಿಯುವುದಿದ್ದರೆ ಕಚೇರಿಯ ಶುರುವಿಗೆ ಹಾಡುವ ವರ್ಣಕ್ಕಿಂತ ಮೊದಲೇ ಕುಡಿದು ಬನ್ನಿ.